ಸೂಜಿ ದವಾಖಾನ್ಯಾಗ, ನಿದ್ದಿ ಮನ್ಯಾಗ! ಕಮತಗಿ ಮಂದಿ ತಿಳಿದಿರಬೇಕಾದ ಲೆಕ್ಕ

ಕಮತಗಿ: ಬಾಗಲಕೋಟೆ–ಹುನಗುಂದ ಬಸ್ಸಿನಿಂದ ಸಂಜೆ ಹೊತ್ತು ಇಲ್ಲಿ ಇಳಿಯುವವರ ಕೈಗಳನ್ನು ಒಮ್ಮೆ ನೋಡಬೇಕು. ಒಂದು ಕೈಯಲ್ಲಿ ಸಂತೆ ಚೀಲ. ಇನ್ನೊಂದು ಕೈಯ ಹಿಂಬದಿಗೆ ಬಿಳೀ ಪಟ್ಟಿ. ಪಟ್ಟಿಯ ಕೆಳಗಿನಿಂದ ಇಣುಕುವ ಗುಲಾಬಿ ಬಣ್ಣದ ಇಲ್ಲವೆ ನೀಲಿ ಬಣ್ಣದ ಸಣ್ಣ ಪ್ಲಾಸ್ಟಿಕ್ ಮೂತಿ! ಬಾಜೂ ಸೀಟಿನವರು ಕೇಳುವ ಪ್ರಶ್ನೆ ಒಂದೇ: "ಯಾಕ್ರೀ, ಎಡ್ಮಿಟ್ ಆಗಿದ್ರೇನ?" ಉತ್ತರವೂ ಒಂದೇ: "ಇಲ್ರೀ, ದಿನಾ ಹೋಗಿ ಸೂಜಿ ಹಚ್ಚಿಸ್ಕೊಂಡ್ ಬರೂದು. ಇನ್ನ ನಾಕ್ ದಿನಾ ಐತಿ."

ಆಸ್ಪತ್ರೆಯಲ್ಲಿ ಮಲಗದೆ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಔಷಧಿ ತೆಗೆದುಕೊಳ್ಳುವ ಈ ಪದ್ಧತಿಗೆ ವೈದ್ಯರ ಲೋಕದಲ್ಲಿ 'ಓಪ್ಯಾಟ್' ಎಂಬ ಗಿಡ್ಡ ಹೆಸರುಂಟು. ಬೆಳಿಗ್ಗೆ ಹೋಗುವುದು, ಅರ್ಧ ತಾಸು ಕೂಡುವುದು, ಸೂಜಿ ಮುಗಿಸಿ ಮನೆಗೆ ಬರುವುದು. ಕೂಲಿ ಮಾಡುವವನಿಗೆ, ಮಗ್ಗದ ಮೇಲೆ ಕೂಡುವವನಿಗೆ, ಒಬ್ಬನೇ ಅಂಗಡಿ ನಡೆಸುವವನಿಗೆ ಇದಕ್ಕಿಂತ ಅನುಕೂಲ ಬೇರೆ ಇದೆಯೇ? ವಾರ್ಡಿನ ಮಂಚದ ಬಾಡಿಗೆ ಇಲ್ಲ, ಜೊತೆಗೆ ಕಾಯಲು ಕೂತವರ ಊಟದ ಖರ್ಚಿಲ್ಲ, ಎಮ್ಮಿ ಹಿಂಡುವವರು ಯಾರು ಎಂಬ ಚಿಂತೆ ಇಲ್ಲ.

ಎಲ್ಲ ಖರೆ. ಆದರೆ ಅನುಕೂಲವಾದದ್ದೆಲ್ಲ ಸಲೀಸಾದದ್ದು ಎಂದು ತಿಳಿದವರು ಮೂರನೇ ದಿನಕ್ಕೆ ಪಟ್ಟಿ ಕಿತ್ತು ಒಗೆದು, ಎಂಟನೇ ದಿನಕ್ಕೆ ಅದೇ ದವಾಖಾನೆಗೆ ಇನ್ನೂ ಜೋರು ಜ್ವರ ಹೊತ್ತುಕೊಂಡು ಬರುತ್ತಾರೆ. ಗೋಳು ಇರುವುದು ಅಲ್ಲಿ.

ಎಲ್ಲಿಂದ ಬಂತು ಈ ಪದ್ಧತಿ?

ಇದು ನಿನ್ನೆ ಮೊನ್ನೆಯ ಹೊಸ ಫ್ಯಾಶನ್ನೇನಲ್ಲ. ಅಮೆರಿಕದಲ್ಲಿ ಪುಪ್ಪುಸದ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗದ ಮಕ್ಕಳು ವರ್ಷಕ್ಕೆ ಹಲವು ಸಲ ವಾರಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದಿರಬೇಕಾಗುತ್ತಿತ್ತು. ಅಂಥ ಮಕ್ಕಳಿಗೆ ಮನೆಯಲ್ಲೇ ರಕ್ತನಾಳದ ಔಷಧಿ ಕೊಡಬಹುದೆಂದು ಇಬ್ಬರು ವೈದ್ಯರು 1974ರಲ್ಲಿ ಬರೆದು ಪ್ರಕಟಿಸಿದರು. ಮಕ್ಕಳು ಶಾಲೆಗೆ ಹೋದರು, ಮಂಚ ಖಾಲಿ ಉಳಿಯಿತು. ಮುಂದೆ 1980ರ ದಶಕದಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಔಷಧಿ ಪೇಟೆಗೆ ಬಂದಾಗ ಈ ಪದ್ಧತಿಗೆ ಕಾಲು ಬಂದವು. ಕಾರಣ ಸರಳ. ಬೇರೆ ಔಷಧಿಗಳನ್ನು ಆರು ತಾಸಿಗೊಮ್ಮೆ, ಎಂಟು ತಾಸಿಗೊಮ್ಮೆ ಚುಚ್ಚಬೇಕು. ರಾತ್ರಿ ಎರಡು ಗಂಟೆಗೆ ಯಾವ ಬಸ್ಸು ಹಿಡಿದು ಬರುವುದು? ಸೆಫ್ಟ್ರಿಯಾಕ್ಸೋನ್ ಮಾತ್ರ ದೇಹದಲ್ಲಿ ನಿಧಾನವಾಗಿ ಕರಗುತ್ತದೆ. ಹೆಚ್ಚಿನ ರೋಗಗಳಿಗೆ ದಿನಕ್ಕೆ ಒಂದೇ ಸಲ ಸಾಕು. ಇಂದು ಸಣ್ಣ ಊರಿನ ದವಾಖಾನೆಯ ಫ್ರಿಜ್ಜಿನ ಬಾಜೂ ಕಪಾಟಿನಲ್ಲಿ ಸಾಲಾಗಿ ನಿಂತಿರುವ ಬಿಳೀ ಪುಡಿಯ ಬಾಟ್ಲಿಗಳಲ್ಲಿ ಬಹುಪಾಲು ಇದೇ.

ಅಮೆರಿಕದ ಸೋಂಕುರೋಗ ತಜ್ಞರ ಸಂಘ 1997ರಲ್ಲೇ ಇದಕ್ಕೆ ನಿಯಮಾವಳಿ ಬರೆಯಿತು. 2004ರಲ್ಲಿ, 2018ರಲ್ಲಿ ತಿದ್ದಿತು. ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ಚರ್ಮದ ಕೆಳಗಿನ ಸೋಂಕು, ಅಂದರೆ ಸೆಲ್ಯುಲೈಟಿಸ್ ಆದ 188 ಮಕ್ಕಳನ್ನು ಎರಡು ಪಾಲು ಮಾಡಿ, ಅರ್ಧ ಮಕ್ಕಳಿಗೆ ಮನೆಯಲ್ಲಿ ದಿನಕ್ಕೊಂದು ಸೂಜಿ, ಅರ್ಧ ಮಕ್ಕಳಿಗೆ ಆಸ್ಪತ್ರೆಯಲ್ಲಿ ದಿನಕ್ಕೆ ನಾಲ್ಕು ಸಲ ಔಷಧಿ ಕೊಟ್ಟು ನೋಡಿದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮನೆ ಚಿಕಿತ್ಸೆ ವಿಫಲವಾದದ್ದು 100ಕ್ಕೆ 2 ಮಕ್ಕಳಲ್ಲಿ, ಆಸ್ಪತ್ರೆ ಚಿಕಿತ್ಸೆ ವಿಫಲವಾದದ್ದು 100ಕ್ಕೆ 7 ಮಕ್ಕಳಲ್ಲಿ. ಮನೆಗೆ ಕಳಿಸಿದರೆ ರೋಗ ಕೆಡುತ್ತದೆ ಎಂಬ ಅಂಜಿಕೆ ಎಲ್ಲರಿಗೂ ಅನ್ವಯಿಸುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಗಮನಿಸಬೇಕಾದ ಮಾತು: ಆ ಮಕ್ಕಳನ್ನು ಮೊದಲು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಆರಿಸಿ, ಆಮೇಲೆ ಮನೆಗೆ ಕಳಿಸಿದ್ದು. ದಿನಾ ನರ್ಸು ಮನೆಗೇ ಬರುತ್ತಿದ್ದಳು. ತೊಡಕಿನ ಬೇನೆ ಇದ್ದವರನ್ನು ಅದರಲ್ಲಿ ಸೇರಿಸಿಯೇ ಇರಲಿಲ್ಲ.

ಮಗ್ಗದ ಕುಣಿಯೂ ಎತ್ತಿದ ಕಾಲೂ

ಈಗ ಕಮತಗಿಗೆ ಬರೋಣ. ಮಲಪ್ರಭೆಯ ದಂಡೆಯ ಈ ಊರು ನೇಕಾರರ ಊರು. ಕುಣಿ ಮಗ್ಗದ ಕೆಲಸ ಬಲ್ಲವರಿಗೆ ಹೇಳಬೇಕಾದ್ದಿಲ್ಲ: ನೆಲದ ಮಟ್ಟಕ್ಕೆ ಕೂತು, ಕುಣಿಯೊಳಗೆ ಕಾಲು ಇಳಿಬಿಟ್ಟು, ಮಣೆ ತುಳಿಯುತ್ತ, ಲಾಳಿ ಎಳೆಯುತ್ತ ಬೆಳಗಿನಿಂದ ಸಂಜೆಯ ತನಕ. ಇಂಥವನ ಹಿಮ್ಮಡಿ ಸೀಳಿಗೆ ಸೋಂಕು ಹತ್ತಿ ಮೊಳಕಾಲ ತನಕ ಕಾಲು ಕೆಂಪಗೆ ಬಾತಿದೆ ಎನ್ನಿ. ಮೇಲಾಗಿ ಸಕ್ಕರೆ ಕಾಯಿಲೆ ಬೇರೆ. ಡಾಕ್ಟರು ನೋಡಿ, "ಎಡ್ಮಿಟ್ ಬ್ಯಾಡ, ದಿನಾ ಬಂದು ಇಂಜಕ್ಷನ್ ತಗೊಂಡ್ ಹೋಗ್ರಿ" ಅಂದರು. ಮನೆಮಂದಿಗೆ ಸಂತೋಷ. ಮರುದಿನ ಸೂಜಿ ಹಚ್ಚಿಸಿಕೊಂಡು ಬಂದವನು ಸೀದಾ ಮಗ್ಗದ ಕುಣಿಗೆ ಇಳಿದ!

ಇಲ್ಲಿಯೇ ಎಡವಟ್ಟು. ಈ ಬೇನೆಗೆ ಔಷಧಿ ಎಷ್ಟು ಮುಖ್ಯವೋ ಕಾಲು ಮೇಲೆತ್ತಿ ಇಡುವುದೂ ಅಷ್ಟೇ ಮುಖ್ಯ. ಕಾಲು ಎದೆಯ ಮಟ್ಟಕ್ಕೋ ಅದಕ್ಕಿಂತ ಮೇಲಕ್ಕೋ ಇದ್ದರೆ ಬಾವಿನ ನೀರು ಇಳಿಯುತ್ತದೆ, ಔಷಧಿ ಹೊತ್ತ ರಕ್ತ ಸುಗಮವಾಗಿ ಓಡಾಡುತ್ತದೆ. ಕುಣಿಯಲ್ಲಿ ಇಳಿಬಿಟ್ಟ ಕಾಲಿಗೆ ಎಷ್ಟು ಸೂಜಿ ಹಾಕಿದರೂ ಒಂದು ಕಡೆ ನೀರೆತ್ತಿ ಇನ್ನೊಂದು ಕಡೆ ಸುರುವಿದ ಹಾಗೆ. "ಎಡ್ಮಿಟ್ ಬ್ಯಾಡ" ಅಂದರೆ "ಕೆಲಸಕ್ಕ ಹೋಗ್ರಿ" ಎಂದು ಅರ್ಥವಲ್ಲ. ಈ ಒಂದು ಮಾತನ್ನು ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರೆ ಎಷ್ಟೋ ಕಾಲು ಉಳಿದಾವು. ಡಾಕ್ಟರು ಹೇಳುವುದಿಲ್ಲ ಎಂದಲ್ಲ. ಹೇಳುತ್ತಾರೆ, ಆದರೆ ಸರತಿಯಲ್ಲಿ ನಲವತ್ತು ಮಂದಿ ನಿಂತಾಗ ಅರ್ಧ ಮಾತು ಗದ್ದಲದಲ್ಲಿ ಹೋಗುತ್ತದೆ.

ಹಾಗಾದರೆ ಮಂಚದ ಬಾಡಿಗೆ ಉಳಿಯಿತೇ ಹೊರತು ಕೂಲಿ ಉಳಿಯಲಿಲ್ಲವಲ್ಲ ಎಂದು ಕೇಳಬಹುದು. ಹೌದು, ಕಾಲಿನ ಬೇನೆಯವನಿಗೆ ಕೂಲಿ ಉಳಿಯುವುದಿಲ್ಲ. ಆದರೆ ಮನೆಯಲ್ಲಿ ಕಾಲು ಮೇಲಿಟ್ಟು ಕೂತೇ ಕಂಡಿಕೆ ಸುತ್ತಬಹುದು, ಲೆಕ್ಕ ಬರೆಯಬಹುದು. ಮೂತ್ರದ ಸೋಂಕಿಗೆ ಸೂಜಿ ನಡೆದಿರುವ ಅಂಗಡಿಕಾರನಾದರೆ, ಜ್ವರ ಇಳಿದ ಮೇಲೆ ಗಲ್ಲೆಯ ಮೇಲೆ ಕೂಡಲು ಅಡ್ಡಿ ಇಲ್ಲ. ಬೇನೆ ಯಾವುದು ಎಂಬುದರ ಮೇಲೆ ಲೆಕ್ಕ.

ದೊಡ್ಡ ಬಾಟ್ಲಿ, ಸಣ್ಣ ಸತ್ಯ

ಇನ್ನು ಸಲಾಯಿನ್ ಪುರಾಣ. "ಡಾಕ್ಟ್ರ, ಸುಸ್ತ ಆಗೇದ, ಒಂದ್ ಬಾಟ್ಲಿ ಹಚ್ಚಿಬಿಡ್ರಿ" ಎಂದು ಕೇಳುವುದು ಈ ಕಡೆಯ ಪರಿಪಾಠ. ಬಾಟ್ಲಿ ಹಚ್ಚದ ಡಾಕ್ಟರು ಕೈಗುಣ ಇಲ್ಲದವ, ಹಚ್ಚಿದವ ದೇವರು! ಆ ಬಾಟ್ಲಿಯೊಳಗೆ ಇರುವುದೇನು? ಅರ್ಧ ಲೀಟರಿನ ಸಲಾಯಿನ್ ಬಾಟ್ಲಿಯಲ್ಲಿ ನೀರು ಬಿಟ್ಟರೆ ಇರುವುದು ನಾಲ್ಕೂವರೆ ಗ್ರಾಂ ಉಪ್ಪು. ಅರ್ಧ ಲೀಟರಿನ ಐದು ಪರ್ಸೆಂಟ್ ಗುಲಕೋಸ್ ಬಾಟ್ಲಿಯಲ್ಲಿ 25 ಗ್ರಾಂ ಸಕ್ಕರೆ. ಒಂದು ಜೋಳದ ರೊಟ್ಟಿ ತಿಂದರೆ ಅಷ್ಟು ಶಕ್ತಿ ಬಂದೇ ಬರುತ್ತದೆ. ಬಾಯಿಂದ ನೀರು ಕುಡಿದು ಅರಗಿಸಿಕೊಳ್ಳಬಲ್ಲವನಿಗೆ ಇವೆರಡರ ಅಗತ್ಯವೂ ಇಲ್ಲ. ಸಕ್ಕರೆ ಕಾಯಿಲೆಯವನಿಗೆ ಗುಲಕೋಸ್ ಹಚ್ಚಿದರೆ ಏನಾಗುತ್ತದೆಂದು ಬೇರೆ ಹೇಳಬೇಕೇ?

ಆಂಟಿಬಯೋಟಿಕ್ ಬೇರೆ, ಬಾಟ್ಲಿ ಬೇರೆ. ಸೆಫ್ಟ್ರಿಯಾಕ್ಸೋನ್ ಪುಡಿಯನ್ನು ಕರಗಿಸಿ ಎರಡರಿಂದ ನಾಲ್ಕು ನಿಮಿಷ ನಿಧಾನವಾಗಿ ಸಿರಿಂಜಿನಿಂದಲೇ ಕೊಡಬಹುದು. ಇಲ್ಲವೆ ಸಣ್ಣ ಬಾಟ್ಲಿಗೆ ಬೆರೆಸಿ ಅರ್ಧ ತಾಸಿನಲ್ಲಿ ಮುಗಿಸಬಹುದು. ಮೂರು ತಾಸು ಮಲಗಿಸುವ ದೊಡ್ಡ ಬಾಟ್ಲಿ ಕೇವಲ ಕಣ್ಣಿಗೆ ಹಬ್ಬ, ಕಿಸೆಗೆ ಕತ್ತರಿ. ರಿಂಗರ್ ಲ್ಯಾಕ್ಟೇಟ್ ಎಂಬ ಬಾಟ್ಲಿಯಲ್ಲಿ ಕ್ಯಾಲ್ಸಿಯಂ ಇರುವುದರಿಂದ ಅದರೊಳಗೆ ಈ ಔಷಧಿಯನ್ನು ಬೆರೆಸಲೇಬಾರದು. ಬೆರೆಸಿದರೆ ಸುಣ್ಣದ ಹರಳಿನಂತೆ ಗಟ್ಟಿಯಾಗುತ್ತದೆ. ಹಸುಗೂಸುಗಳಿಗೆ ಇದು ಪ್ರಾಣಾಂತಿಕವಾದ ಉದಾಹರಣೆಗಳಿವೆ. ಇದನ್ನು ಬಲ್ಲದವರ ಕೈಗೆ ರಕ್ತನಾಳ ಕೊಡುವುದು ಹೇಗೆ?

ಇದಕ್ಕಿಂತ ಘೋರವಾದದ್ದು ಒಂದೇ ಸಿರಿಂಜು ಹಲವರಿಗೆ ಬಳಸುವುದು. 2009ರ ಆರಂಭದಲ್ಲಿ ಗುಜರಾತದ ಸಾಬರಕಾಂಠಾ ಜಿಲ್ಲೆಯ ಮೋಡಾಸಾ ಊರಿನಲ್ಲಿ ಕಾಮಾಲೆ ಹಬ್ಬಿ ಹತ್ತಾರು ಮಂದಿ ಸತ್ತರು. ಹೆಪಟೈಟಿಸ್ ಬಿ ಎಂಬ ವಿಷಾಣು. ಹಬ್ಬಿದ್ದು ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದರಿಂದ. ಜ್ವರಕ್ಕೆಂದು ಹೋದವರು ಕಾಮಾಲೆ ಹೊತ್ತು ಬಂದರು. ಆದಕಾರಣ ಸಿರಿಂಜಿನ ಪಾಕೀಟು ಕಣ್ಣೆದುರೇ ಹರಿಯಲಿ ಎಂದು ಕೇಳುವುದು ಡಾಕ್ಟರಿಗೆ ಅವಮಾನವಲ್ಲ. ಕಿರಾಣಿ ಅಂಗಡಿಯಲ್ಲಿ ತಕ್ಕಡಿ ನೋಡುವುದಿಲ್ಲವೇ?

ವಿಡಾಲ್ ಎಂಬ ಜ್ಯೋತಿಷ್ಯ

ಜ್ವರ ಬಂದ ಮೂರನೇ ದಿನಕ್ಕೆ ರಕ್ತ ತೆಗೆದು "ವಿಡಾಲ್ ಪಾಸಿಟಿವ್, ಟೈಫಾಯ್ಡ್" ಎಂದು ಚೀಟಿ ಬರೆದು ಏಳು ದಿನದ ಸೂಜಿ ಶುರು ಮಾಡುವುದು ನಾಡಿನೆಲ್ಲೆಡೆ ಕಾಣುವ ರೂಢಿ. ಒಂದೇ ಒಂದು ವಿಡಾಲ್ ಪರೀಕ್ಷೆಯನ್ನು ನಂಬಿ ಟೈಫಾಯ್ಡ್ ಎಂದು ತೀರ್ಮಾನಿಸುವುದು ಸರಿಯಲ್ಲವೆಂದು ತಜ್ಞರು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಹಿಂದೆ ಯಾವಾಗಲೋ ಬಂದುಹೋದ ಟೈಫಾಯ್ಡಿಗೂ, ಬೇರೆ ಜ್ವರಕ್ಕೂ ಅದು ಹೂಂಗುಡುತ್ತದೆ. ಖಾತ್ರಿಯ ದಾರಿ ಬ್ಲಡ್ ಕಲ್ಚರ್: ಔಷಧಿ ಶುರುವಾಗುವ ಮೊದಲೇ ರಕ್ತ ತೆಗೆದು ರೋಗಾಣು ಬೆಳೆಸಿ ನೋಡುವುದು. ಎರಡು ಮೂರು ದಿನ ಕಾಯಬೇಕು, ದುಡ್ಡೂ ಜಾಸ್ತಿ. ಆದರೆ ಯಾವ ಔಷಧಿಗೆ ರೋಗಾಣು ಬಗ್ಗುತ್ತದೆಂಬ ಜಾತಕ ಕೈಗೆ ಸಿಗುತ್ತದೆ.

ಯಾಕೆ ಈ ತಲೆಬಿಸಿ? 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಟೈಫಾಯ್ಡಿನ ರಾಮಬಾಣವಾಗಿದ್ದ ಕ್ಲೋರಾಂಫೆನಿಕಾಲ್ ಔಷಧಿಗೆ ಬಗ್ಗದ ರೋಗಾಣು ಹಬ್ಬಿತು. ಆಮೇಲೆ ಬಂದ ಸಿಪ್ರೋಫ್ಲಾಕ್ಸಸಿನ್ ಗುಳಿಗೆಯೂ ಇತ್ತೀಚಿನ ದಶಕಗಳಲ್ಲಿ ಮೊಂಡಾಯಿತು. ಹೀಗಾಗಿ ಈಗ ಸೆಫ್ಟ್ರಿಯಾಕ್ಸೋನ್ ಸೂಜಿಯ ಮೇಲೆ ಭಾರ ಬಿದ್ದಿದೆ. ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ 2016ರ ಕೊನೆಯಲ್ಲಿ ಈ ಸೂಜಿಗೂ ಬಗ್ಗದ ಟೈಫಾಯ್ಡ್ ಎದ್ದು ಸಾವಿರಾರು ಮಂದಿಗೆ ಹಬ್ಬಿತು. ಅದು ಗಡಿಯಾಚೆಯ ಸುದ್ದಿ, ನಿಜ. ರೋಗಾಣುವಿಗೆ ಪಾಸ್‌ಪೋರ್ಟು ಯಾರು ಕೇಳುತ್ತಾರೆ? ಔಷಧಿಗೆ ಬಗ್ಗದ ರೋಗಾಣುಗಳಿಂದಲೇ 2019ರ ಒಂದೇ ವರ್ಷ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಸತ್ತರೆಂದು ತಜ್ಞರ ಅಂದಾಜು.

ಸರ್ಕಾರ ಸುಮ್ಮನೆ ಕೂತಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ 'ಎಚ್-ಒನ್' ಪಟ್ಟಿಯ ಪ್ರಕಾರ ಸೆಫ್ಟ್ರಿಯಾಕ್ಸೋನಿನಂಥ ಔಷಧಿ ಮಾರುವ ಅಂಗಡಿಕಾರನು ಬರೆದುಕೊಟ್ಟ ಡಾಕ್ಟರ ಹೆಸರು, ರೋಗಿಯ ಹೆಸರು, ಔಷಧಿ, ಎಷ್ಟು ಎಂಬುದನ್ನು ಪ್ರತ್ಯೇಕ ರಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡತಕ್ಕದ್ದು. ಔಷಧಿ ಅಂಗಡಿಗೆ ಹೋಗಿ "ಹಿಂದಿನ ಸಲದ ಇಂಜಕ್ಷನ್ನೇ ಕೊಡ್ರಿ, ಕಂಪೌಂಡರ್ ಹಚ್ತಾನ" ಎನ್ನುವವರು, ಕೊಡುವವರು ಇಬ್ಬರೂ ಕಾನೂನಿನ ಹೊರಗೆ.

ಗುಳಿಗೆ ಸಾಕಾದರೆ ಸೂಜಿ ಯಾಕೆ?

ಈ ಪ್ರಶ್ನೆಯನ್ನು ರೋಗಿಯೇ ಕೇಳಬೇಕು. ಎಲುಬು, ಕೀಲಿನ ಸೋಂಕಿಗೆ ಆರು ವಾರ, ಅಂದರೆ 42 ದಿನ ರಕ್ತನಾಳದ ಔಷಧಿ ಬೇಕೇ ಬೇಕು ಎಂಬುದು ದೊಡ್ಡ ದೊಡ್ಡ ಡಾಕ್ಟರುಗಳ ಹಳೇ ನಂಬಿಕೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನವರು ಮುಂದಾಳಾಗಿ ಬ್ರಿಟನ್ನಿನ 26 ಆಸ್ಪತ್ರೆಗಳಲ್ಲಿ 1,054 ರೋಗಿಗಳ ಮೇಲೆ ಪರೀಕ್ಷೆ ಮಾಡಿ 2019ರಲ್ಲಿ ಪ್ರಕಟಿಸಿದ ಲೆಕ್ಕ ಬೇರೆಯೇ ಹೇಳಿತು: ಸೂಜಿಯವರಲ್ಲಿ ಚಿಕಿತ್ಸೆ ವಿಫಲವಾದದ್ದು 100ಕ್ಕೆ 14.6, ಗುಳಿಗೆಯವರಲ್ಲಿ 13.2. ಸರಿಯಾದ ಗುಳಿಗೆ ಆರಿಸಿದರೆ ಸೂಜಿಗೆ ಏನೂ ಕಡಿಮೆಯಲ್ಲ! ಸೂಜಿ ಶಕ್ತಿವಂತ, ಗುಳಿಗೆ ಬಡಪಾಯಿ ಎಂಬ ನಂಬಿಕೆಗೆ ಇದಕ್ಕಿಂತ ಪೆಟ್ಟು ಬೇಕೇ?

ಹೀಗಿರುವಾಗ ಮನೆಗೆ ಬಂದು ಹೋಗುವ ಸೂಜಿ ಯಾರಿಗೆ? ಗುಳಿಗೆಗೆ ಬಗ್ಗದ ರೋಗಾಣು ಎಂದು ಕಲ್ಚರ್ ಹೇಳಿದ ಮೂತ್ರದ ಸೋಂಕಿನವರಿಗೆ. ವಾಂತಿಯಿಂದ ಗುಳಿಗೆ ನಿಲ್ಲದವರಿಗೆ. ಗುಳಿಗೆ ಕೊಟ್ಟು ನೋಡಿದರೂ ಕೆಂಪು ಏರುತ್ತಲೇ ಇರುವ ಕಾಲಿನವರಿಗೆ. ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ ಸುಧಾರಿಸಿ, ಉಳಿದ ದಿನ ಮನೆಯಿಂದ ಬರಬಲ್ಲವರಿಗೆ. ಇದರ ಜೊತೆ ರೋಗಿ ಎಚ್ಚರಿರಬೇಕು, ಬಿ.ಪಿ. ಸರಿ ಇರಬೇಕು, ಉಸಿರಾಟ ಸರಿ ಇರಬೇಕು. ಮಾತು ತಪ್ಪುವವರು, ಮೂತ್ರ ನಿಂತವರು, ತೇಕುವವರು ಇದಕ್ಕೆ ಸಲ್ಲ. ಅಂಥವರನ್ನು ಹುನಗುಂದದ ತಾಲೂಕು ಆಸ್ಪತ್ರೆಗೋ ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೋ ಅದೇ ಗಳಿಗೆಗೆ ಒಯ್ಯಬೇಕು.

ಅಮಿಕಾಸಿನ್, ಜೆಂಟಾಮೈಸಿನ್ ಎಂಬ ಸೂಜಿಗಳೂ ದಿನಕ್ಕೊಮ್ಮೆ ಕೊಡುವಂಥವು, ಅಗ್ಗವೂ ಹೌದು. ಆದರೆ ಇವು ಕಿಡ್ನಿಗೂ ಕಿವಿಗೂ ಪೆಟ್ಟು ಕೊಡಬಲ್ಲವು. ಬಹಳ ದಿನ ನಡೆದರೆ ರಕ್ತದ ಕ್ರಿಯಾಟಿನಿನ್ ನೋಡುತ್ತಿರಬೇಕು. ಕಿವಿಯಲ್ಲಿ ಗುಂಯ್ ಅಂದರೆ, ತಲೆ ತಿರುಗಿದರೆ ಅಂದೇ ಹೇಳಬೇಕು. ದಿನವಿಡೀ ಮಗ್ಗದ ಸಪ್ಪಳದಲ್ಲಿ ಕೂತವನಿಗೆ ಕಿವಿಯ ಗುಂಯ್ ಹೊಸದೆನಿಸದೇ ಹೋಗಬಹುದು, ಮನೆಯವರೇ ಗಮನಿಸಬೇಕು.

ಕೈಯ ಮೇಲಿನ ಆ ಮೂತಿ

ಕ್ಯಾನುಲಾ ಎಂಬ ಆ ಪ್ಲಾಸ್ಟಿಕ್ ನಳಿಗೆಯ ಬಣ್ಣಕ್ಕೆ ಅರ್ಥವುಂಟು: ಗುಲಾಬಿ 20 ನಂಬರು, ನೀಲಿ 22, ಹಳದಿ 24; ನಂಬರು ಏರಿದಷ್ಟೂ ನಳಿಗೆ ಸಣ್ಣದು. ಮೂರು ನಾಲ್ಕು ದಿನಕ್ಕೆ ಅದನ್ನು ಬದಲಿಸುವುದು ರೂಢಿ. ಚುಚ್ಚಿದ ಜಾಗ ಕೆಂಪಾದರೆ, ಬಾತರೆ, ನೋವಾದರೆ, ಕೀವು ಕಂಡರೆ ನಾಳೆಯ ಸೂಜಿಯ ತನಕ ಕಾಯಬಾರದು, ಅಂದೇ ತೆಗೆಸಬೇಕು. ಅದೇ ಕೈಯಿಂದ ಬಟ್ಟೆ ಒಗೆಯುವುದು, ಸೆಗಣಿ ಬಳಿಯುವುದು, ಹೊಳೆಯಲ್ಲಿ ಮುಳುಗುವುದು ವರ್ಜ್ಯ. ರಕ್ತನಾಳದೊಳಕ್ಕೆ ತೆರೆದ ಬಾಗಿಲು ಅದು. ಹೊರಗಿನ ಹೊಲಸು ನೇರ ಒಳಕ್ಕೆ.

ಮೊದಲನೇ ಸೂಜಿಯನ್ನು ಡಾಕ್ಟರು ಇರುವಾಗಲೇ ತೆಗೆದುಕೊಂಡು, ಆಮೇಲೆ ಅರ್ಧ ತಾಸಾದರೂ ಅಲ್ಲೇ ಕೂಡುವುದು ಕ್ಷೇಮ. ಮೈ ದದ್ದು ಎದ್ದರೆ, ಗಂಟಲು ಬಿಗಿದರೆ, ಕಣ್ಣು ಕತ್ತಲೆ ಬಂದರೆ ಆಗ ಬೇಕಾದದ್ದು ಅಡ್ರಿನಾಲಿನ್ ಎಂಬ ಸಣ್ಣ ಆಂಪೂಲು. ತೊಡೆಗೆ ಕೊಡುವ ಆ ಸೂಜಿ ನಿಮಿಷಗಳಲ್ಲಿ ಸಿಗಬೇಕು. ಅದು ಕಪಾಟಿನಲ್ಲಿ ಇಲ್ಲದ ಕಡೆ ರಕ್ತನಾಳದ ಸೂಜಿ ಹಚ್ಚಿಸಿಕೊಳ್ಳುವುದು ಬ್ರೇಕಿಲ್ಲದ ಬಸ್ಸು ಹತ್ತಿದ ಹಾಗೆ. "ಬಸ್ ಬಿಡ್ತೈತಿ" ಎಂದು ಸೂಜಿ ತೆಗೆದ ಕೂಡಲೇ ಓಡುವವರು ಇದನ್ನು ಲಕ್ಷಿಸಬೇಕು.

ಬಸ್ಸಿನ ಮಾತು ಬಂತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿಲ್ಲ. ಏಳು ದಿನ ಬಾಗಲಕೋಟೆಗೆ ಹೋಗಿಬರುವ ಖರ್ಚು ಅವರಿಗೆ ಉಳಿಯಿತು. ಗಂಡಸರಿಗೆ ಆ ಭಾಗ್ಯವಿಲ್ಲ. ಆದರೆ ಬಸ್ಸೇ ನಿಂತರೆ? 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ದಂಡೆಯ ಊರುಗಳ ದಾರಿ ಮುಳುಗಿದ್ದನ್ನು, 2020ರ ಲಾಕ್‌ಡೌನಿನಲ್ಲಿ ರಸ್ತೆ ಬಿಕೋ ಎಂದದ್ದನ್ನು ಯಾರು ಮರೆತಾರು? ಅಷ್ಟು ದೂರ ಬೇಡ. ಭಾನುವಾರ, ಜಾತ್ರೆ, ಹಬ್ಬ ಸಾಕು. ಸೋಮವಾರ ಶುರುವಾದ ಏಳು ದಿನದ ಸೂಜಿ ಭಾನುವಾರಕ್ಕೆ ಮುಗಿಯುತ್ತದೆ. ಭಾನುವಾರ ಸಂಜೆ ದವಾಖಾನೆಗೆ ಬೀಗ! ಸೂಜಿ ಶುರು ಮಾಡುವ ದಿನವೇ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ರಜಾ ದಿನದ ಸೂಜಿ ಎಲ್ಲಿ? ರಾತ್ರಿ ಚಳಿಜ್ವರ ಬಂದರೆ ಯಾವ ನಂಬರಿಗೆ ಫೋನು? ಎರಡಕ್ಕೂ ಉತ್ತರ ಇಲ್ಲದ ಕಡೆ ಈ ಚಿಕಿತ್ಸೆ ಅರ್ಧ ಸೇತುವೆ ಕಟ್ಟಿದಂತೆ.

ಕಾರ್ಡಿನ ತಮಾಷೆ

ಕೊನೆಗೆ ದುಡ್ಡಿನ ಮಾತು. ಮಲಗಿದರೆ ಕಾರ್ಡು ನಡೆಯುತ್ತದೆ, ನಡೆದಾಡಿದರೆ ಕಾರ್ಡು ಮಲಗುತ್ತದೆ! 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಮುಖ್ಯವಾಗಿ ಒಳರೋಗಿಗಾಗಿ ಹೆಣೆದ ಯೋಜನೆ. ದಿನಾ ಬಂದು ಸೂಜಿ ಹಚ್ಚಿಸಿಕೊಂಡು ಹೋಗುವವನ ಬಿಲ್ಲು ಅವನ ಕಿಸೆಯಿಂದಲೇ. ಸರ್ಕಾರದ ಮಂಚ ಉಳಿಸಿಕೊಟ್ಟವನಿಗೆ ಇದು ಬಹುಮಾನವೋ ದಂಡವೋ? ನೇಕಾರರು ಒಂದು ಹಳೇ ಲೆಕ್ಕ ನೆನಪಿಸಿಕೊಳ್ಳಬಹುದು. 2005ರಲ್ಲಿ ಕೇಂದ್ರ ಜವಳಿ ಇಲಾಖೆ ತಂದ ಕೈಮಗ್ಗ ನೇಕಾರರ ಆರೋಗ್ಯ ವಿಮೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 15,000 ರೂಪಾಯಿ ಇತ್ತು. ಅದರಲ್ಲಿ 7,500 ರೂಪಾಯಿ ಹೊರರೋಗಿ ಖರ್ಚಿಗೇ ಮೀಸಲು. ಮೊತ್ತ ಸಣ್ಣದು, ಆದರೆ ಮಲಗದೆ ಚಿಕಿತ್ಸೆ ಪಡೆಯುವವನೂ ರೋಗಿಯೇ ಎಂದು ಆ ಕಾಗದ ಒಪ್ಪಿಕೊಂಡಿತ್ತು. ಆ ಯೋಜನೆ ಈಗಿಲ್ಲ.

ಇರುವುದರಲ್ಲಿ ಒಂದು ಸಂದು ಉಂಟು. ಆಯುಷ್ಮಾನ್ ಯೋಜನೆಯ ಕೇಂದ್ರ ನಿಯಮದಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲಿನ 15 ದಿನಗಳ ಔಷಧಿ, ಪರೀಕ್ಷೆ ಪ್ಯಾಕೇಜಿನಲ್ಲೇ ಸೇರಿರುತ್ತವೆ. ಎಂದ ಮೇಲೆ ಬಾಗಲಕೋಟೆಯಲ್ಲಿ ನಾಲ್ಕು ದಿನ ಮಲಗಿ ಉಳಿದ ಸೂಜಿಗೆ ಕಮತಗಿಗೆ ಬರುವವರು, ಡಿಸ್ಚಾರ್ಜ್ ಚೀಟಿ ಬರೆಯುವ ಮೊದಲೇ ಅಲ್ಲಿನ ಆರೋಗ್ಯಮಿತ್ರರ ಕೌಂಟರಿಗೆ ಹೋಗಿ ಕೇಳಬೇಕು: ಉಳಿದ ದಿನಗಳ ಬಾಟ್ಲಿ ಇಲ್ಲಿಂದಲೇ ಕೊಡುತ್ತೀರೋ ಹೇಗೆ? ಚೀಟಿಯಲ್ಲಿ ಔಷಧಿಯ ಹೆಸರು, ಎಷ್ಟು ಗ್ರಾಂ, ಯಾವ ತಾರೀಖಿನ ತನಕ, ಕಲ್ಚರ್ ವರದಿ ಏನು ಎಂಬುದನ್ನು ಬರೆಸಿಕೊಂಡೇ ಬಸ್ಸು ಹತ್ತಬೇಕು. ಊರಿನ ಡಾಕ್ಟರಿಗೆ ಮರುದಿನ ಬೆಳಿಗ್ಗೆ ಮೊದಲು ಬೇಕಾಗುವುದು ಆ ಕಾಗದವೇ.